ವೀಡಿಯೊ ಬದಲಾಗುವ ಆ ಎರಡು ಸೆಕೆಂಡು

(ಸಂಘದ ಸಂಸ್ಥಾಪನಾ ದಿನಾಚರಣೆಯ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಂದು ಹೆದರಿಸುತ್ತಾರೆ ಎನ್ನುವುದು ವಾಡಿಕೆ. ಹೊರಗೆ ಬಿಸಿಬೇಳೆ ಭಾತಿನ ಪರಿಮಳ ಬರುತ್ತಿರುವಾಗ ಆ ಪಾಪದ ಕೆಲಸ ಮಾಡಲು ನಮಗೆ ಮನಸ್ಸಿಲ್ಲ. ಇಂದು ನಾವು ಆರಿಸಿಕೊಂಡಿರುವ ವಿಷಯ ಬೇರೆ. ಒಂದು ವೀಡಿಯೊ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತದಲ್ಲ, ಆ ಚಕ್ರದ ವಿಷಯ. ಇದು ಎಂಜಿನಿಯರುಗಳ ಕ್ಷೇತ್ರ, ಡಾಕ್ಟರಿಗೇಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಹುಟ್ಟಿತು.

ನಮ್ಮ ತಾಯಿ ದಾವಣಗೆರೆಯಲ್ಲಿದ್ದಾರೆ. ಪ್ರತಿ ಭಾನುವಾರ ಸಂಜೆ ವೀಡಿಯೊ ಕರೆಯಲ್ಲಿ ಮೊಮ್ಮಗನಿಗೆ ಒಂದು ಕಥೆ ಹೇಳುತ್ತಾರೆ. ವಯಸ್ಸಾಯಿತು, ನಡುವೆ ಹೆಸರು ಮರೆಯುತ್ತದೆ, ಮಾತು ನಿಲ್ಲುತ್ತದೆ. ಹಾಗೆ ಒಮ್ಮೆ ಕಥೆಯ ಮಧ್ಯೆ ಅವರು ಸುಮ್ಮನಾದಾಗ ಆರು ವರ್ಷದ ನಮ್ಮ ಮಗ ತಿರುಗಿ, "ಅಪ್ಪಾ, ಅಜ್ಜಿ ಬಫರ್ ಆಗ್ತಿದ್ದಾರೆ!" ಎಂದ. ಆ ಕಡೆಯಿಂದ ಅಮ್ಮ, "ಬಫರ್ ಅಂದ್ರೇನೋ ಪುಟ್ಟಾ?" ಎಂದು ಕೇಳಿದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ಆ ಮಾತು ಚುಚ್ಚಿತು. ಯಂತ್ರದ ತಡವರಿಕೆಗೂ ಮನುಷ್ಯರ ಮೌನಕ್ಕೂ ಆ ಮಗುವಿಗೆ ವ್ಯತ್ಯಾಸ ತಿಳಿಯುತ್ತಿಲ್ಲವೇ? ಅಂದಿನಿಂದ ಈ ಬಫರ್ ಎಂದರೆ ಏನು, ಅದನ್ನು ಕಡಿಮೆ ಮಾಡಲು ಜನ ಇಷ್ಟು ಶ್ರಮಪಡುವುದೇಕೆ ಎಂದು ಓದಲು ತೊಡಗಿದೆವು. ತಿಳಿದಷ್ಟನ್ನು ನಿಮ್ಮ ಮುಂದಿಡುತ್ತಿದ್ದೇವೆ.

ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ನಮ್ಮ ಬಾಲ್ಯದಲ್ಲಿ ಚಾನೆಲ್ ಬದಲಿಸುವ ಪ್ರಶ್ನೆಯೇ ಇರಲಿಲ್ಲ, ಇದ್ದದ್ದೇ ಒಂದು. ಅಣ್ಣ ತಾರಸಿ ಹತ್ತಿ ಆಂಟೆನಾ ತಿರುಗಿಸುವುದು, "ಬಂತಾ?" ಎಂದು ಕೂಗುವುದು, ಕೆಳಗಿನಿಂದ ನಾವು "ಇನ್ನೂ ಸ್ವಲ್ಪ!" ಎನ್ನುವುದು. ನಮ್ಮ ಬಫರಿಂಗ್ ಅಂದರೆ ಅದೇ. 1994ರ ಜೂನ್‌ನಲ್ಲಿ ಉದಯ ಟಿವಿ ಬಂದ ಮೇಲೆ ರಿಮೋಟಿಗೆ ನಿಜವಾದ ಕೆಲಸ ಸಿಕ್ಕಿತು. ಆಗ ಗುಂಡಿ ಒತ್ತಿದ ತಕ್ಷಣ ಚಾನೆಲ್ ಬದಲಾಗುತ್ತಿತ್ತು. ಇಂದಿನ ಯಂತ್ರಗಳು ಅದಕ್ಕಿಂತ ಎಷ್ಟೋ ಪಾಲು ಚುರುಕಾಗಿದ್ದರೂ ಬದಲಾವಣೆಗೆ ಕಾಯಬೇಕಾಗುತ್ತದೆ. ಇದು ವಿಚಿತ್ರವಲ್ಲವೇ?

ಕಾರಣ ಹೀಗಿದೆ. ಆಗ ಎಲ್ಲ ಚಾನೆಲ್‌ಗಳ ಸಂಕೇತವೂ ನಮ್ಮ ಮನೆಯ ತನಕ ಸದಾ ಬರುತ್ತಲೇ ಇತ್ತು. ಟಿವಿ ಅದರಲ್ಲೊಂದನ್ನು ಹಿಡಿದರೆ ಸಾಕಿತ್ತು. ಈಗ ನಾವು ಕೇಳಿದ ಮೇಲೆಯೇ ಆ ವೀಡಿಯೊ ಹೊರಡುತ್ತದೆ. ಅದೂ ಇಡಿಯಾಗಿ ಬರುವುದಿಲ್ಲ. ದೊಡ್ಡ ಟಿವಿಯ ಸ್ಪಷ್ಟ ಚಿತ್ರವನ್ನು ಸೆಕೆಂಡಿಗೆ 25ರಂತೆ ಹಾಗೆಯೇ ಕಳುಹಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ ಬೇಕು. ನಮ್ಮ ಮನೆಗೆ ಬರುವುದು ಸುಮಾರು 50 ಲಕ್ಷ ಬಿಟ್ ಮಾತ್ರ. ಅಂದರೆ ಇನ್ನೂರೈವತ್ತು ಪಾಲಿನಲ್ಲಿ ಒಂದು ಪಾಲು! ಇಷ್ಟು ಹಿಂಡುವುದು ಹೇಗೆ?

ಇದನ್ನು ಆಸ್ಪತ್ರೆಯ ಕೇಸ್ ಶೀಟಿನ ಉದಾಹರಣೆಯಿಂದ ಹೇಳುತ್ತೇವೆ. ರೋಗಿ ದಾಖಲಾದ ದಿನ ಅವರ ಪೂರ್ಣ ವೃತ್ತಾಂತವನ್ನು ಬರೆಯುತ್ತೇವೆ. ಮಾರನೆಯ ದಿನದಿಂದ "ಜ್ವರ ಇಳಿದಿದೆ, ಉಳಿದದ್ದು ನಿನ್ನೆಯಂತೆಯೇ" ಎಂದು ಒಂದು ಸಾಲು ಸಾಕು. ವೀಡಿಯೊ ಕೂಡ ಹೀಗೆಯೇ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ. ಅದಕ್ಕೆ ಕೀ ಫ್ರೇಮ್ ಎನ್ನುತ್ತಾರೆ. ಅದರ ನಂತರದವುಗಳಲ್ಲಿ ಏನು ಬದಲಾಯಿತು ಎಂಬ ಟಿಪ್ಪಣಿ ಮಾತ್ರ. ಹೊಸದಾಗಿ ಡ್ಯೂಟಿಗೆ ಬಂದ ಡಾಕ್ಟರು ಮೂರನೆಯ ದಿನದ ಒಂದು ಸಾಲನ್ನಷ್ಟೇ ಓದಿದರೆ ತಲೆಬುಡ ತಿಳಿಯುವುದಿಲ್ಲ. ಮೊದಲ ಪುಟ ಬೇಕೇ ಬೇಕು. ಹಾಗೆಯೇ ನೇರ ಪ್ರಸಾರಕ್ಕೆ ನಡುವೆ ಸೇರಿಕೊಂಡ ಟಿವಿಗೆ ಒಂದು ಕೀ ಫ್ರೇಮ್ ಸಿಗುವವರೆಗೆ ಏನನ್ನೂ ತೋರಿಸಲಾಗದು. ಎರಡು ಸೆಕೆಂಡಿಗೊಮ್ಮೆ ಕೀ ಫ್ರೇಮ್ ಇದ್ದರೆ, ಮುಂದಿನದು ಬರಲು ಸರಾಸರಿ ಒಂದು ಸೆಕೆಂಡ್ ಕಾಯಬೇಕು. ಇನ್ನೂ ಹತ್ತಿರ ಹತ್ತಿರ ಇಟ್ಟರೆ ಬೇಗ ಬದಲಾಗುತ್ತದೆ, ಆದರೆ ಹೊರೆ ಹೆಚ್ಚುತ್ತದೆ. ಔಷಧಿಯಂತೆ ಇಲ್ಲಿಯೂ ಪ್ರಮಾಣವೇ ಮುಖ್ಯ.

ಎರಡನೆಯ ಕಾರಣ ದೂರ. ಬೆರಳು ಒತ್ತಿದಾಗ ನಮ್ಮ ಯಂತ್ರ ಮೊದಲು ವಿಳಾಸ ಹುಡುಕಬೇಕು, ಆ ಕಡೆಯ ಯಂತ್ರಕ್ಕೆ ನಮಸ್ಕಾರ ಹೇಳಬೇಕು, ಗುಟ್ಟಿನ ಬೀಗದ ಕೈ ವಿನಿಮಯ ಮಾಡಿಕೊಳ್ಳಬೇಕು, ತುಣುಕುಗಳ ಪಟ್ಟಿ ಪಡೆಯಬೇಕು, ಆಮೇಲೆ ಮೊದಲ ತುಣುಕು. ಪ್ರತಿಯೊಂದಕ್ಕೂ ಹೋಗಿಬರಬೇಕು. ಚೆನ್ನೈ ಮತ್ತು ಸಿಂಗಪುರದ ನಡುವೆ 2002ರಲ್ಲಿ ಬಂದ ಐ-ಟು-ಐ ಎಂಬ ಸಮುದ್ರತಳದ ಕೇಬಲ್ ಸುಮಾರು 3,200 ಕಿ.ಮೀ. ಉದ್ದ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಒಮ್ಮೆ ಹೋಗಿಬರಲು ಸಾವಿರದಲ್ಲಿ 32 ಭಾಗ ಸೆಕೆಂಡ್; ನಾಲ್ಕು ಸಲಕ್ಕೆ ಸೆಕೆಂಡಿನ ಎಂಟನೆಯ ಒಂದು ಭಾಗ. ಇದೇ ವೀಡಿಯೊ 14,000 ಕಿ.ಮೀ. ದೂರದ ಅಮೆರಿಕದ ಪಶ್ಚಿಮ ಕರಾವಳಿಯಿಂದ ಬರಬೇಕಾದರೆ ನಾಲ್ಕು ಸಲಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು. ಬೆಳಕಿಗಿಂತ ವೇಗವಾಗಿ ಯಾರೂ ಓಡಲಾರರು. ಆದ್ದರಿಂದ ಎಂಜಿನಿಯರುಗಳು ಎರಡು ಉಪಾಯ ಮಾಡಿದರು. ಒಂದು, ಹೋಗಿಬರುವ ಸಲಗಳನ್ನೇ ಕಡಿಮೆ ಮಾಡುವುದು. 2018ರ ಟಿಎಲ್‌ಎಸ್ 1.3 ಎಂಬ ಪದ್ಧತಿ ಬೀಗದ ಕೈ ವಿನಿಮಯಕ್ಕೆ ಬೇಕಾದ ಸಲಗಳನ್ನು ಕಡಿಮೆ ಮಾಡಿತು; 2021ರಲ್ಲಿ ಅಧಿಕೃತ ಮಾನದಂಡವಾದ ಕ್ವಿಕ್ ಎಂಬ ಪದ್ಧತಿ ನಮಸ್ಕಾರ ಮತ್ತು ಬೀಗದ ಕೈ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತದೆ. ಇನ್ನೊಂದು, ವೀಡಿಯೊದ ಪ್ರತಿಯನ್ನು ನೋಡುಗರ ಊರಿನಲ್ಲೇ ಇಟ್ಟಿರುವುದು.

ಇಲ್ಲಿ ನಮ್ಮ ಕನ್ನಡದ್ದೊಂದು ಸಂಗತಿಯಿದೆ. ಸೆರಂಗೂನ್ ರಸ್ತೆಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ ಯಾವಾಗಲೂ ಸಿಗುತ್ತದೆ, ಎಲ್ಲರೂ ಕೊಳ್ಳುತ್ತಾರೆ. ರಾಗಿ ಹುರಿಹಿಟ್ಟು ಬೇಕೆಂದರೆ ಅಂಗಡಿಯವರು ಊರಿನಿಂದ ತರಿಸಬೇಕು. ವೀಡಿಯೊದ ಪ್ರತಿಗಳನ್ನು ಇಡುವ ಗೋದಾಮುಗಳೂ ಹೀಗೆಯೇ ನಡೆದುಕೊಳ್ಳುತ್ತವೆ. ಇಲ್ಲಿ ಸಾವಿರಾರು ಜನ ನೋಡುವ ಚಿತ್ರ ಇಲ್ಲಿಯೇ ಇರುತ್ತದೆ. ಕೆಲವೇ ಮಂದಿ ನೋಡುವ ಹಳೆಯ ಕನ್ನಡ ನಾಟಕವೋ ಯಕ್ಷಗಾನವೋ ದೂರದಿಂದ ಬರಬೇಕಾಗಬಹುದು. ಅದನ್ನು ಮೊದಲು ನೋಡಿದವರು ಸ್ವಲ್ಪ ಕಾಯುತ್ತಾರೆ, ಹಿಂದೆಯೇ ನೋಡಿದವರಿಗೆ ಬೇಗ ಸಿಗುತ್ತದೆ. ನಾವು ಕನ್ನಡ ನೋಡಿದಷ್ಟೂ ನಮ್ಮ ನೆರೆಯ ಕನ್ನಡಿಗರಿಗೆ ದಾರಿ ಸುಗಮವಾಗುತ್ತದೆ ಎಂದರೆ ತಪ್ಪಾಗಲಾರದು.

ಮೂರನೆಯದು ಬಡಿಸುವ ಕಲೆ. ವೀಡಿಯೊವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಮಸುಕಿನಿಂದ ಸ್ಪಷ್ಟದವರೆಗೆ ಹಲವು ದರ್ಜೆಗಳಲ್ಲಿ ಸಿದ್ಧ ಮಾಡಿಟ್ಟಿರುತ್ತಾರೆ. 2009ರಲ್ಲಿ ಆ್ಯಪಲ್ ಕಂಪನಿಯ ಪದ್ಧತಿ, 2012ರಲ್ಲಿ ಡ್ಯಾಶ್ ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದವು. ಆ್ಯಪಲ್‌ನವರು ಮೊದಲು ಹತ್ತು ಸೆಕೆಂಡಿನ ತುಣುಕು ಇರಲಿ ಎಂದಿದ್ದರು. ಆಮೇಲೆ ಅದನ್ನು ಆರಕ್ಕೆ ಇಳಿಸಿದರು. ತುಣುಕು ಚಿಕ್ಕದಾದಷ್ಟೂ ಬದಲಾವಣೆ ಚುರುಕು. ಹೊಸ ವೀಡಿಯೊ ಒತ್ತಿದಾಗ ಮೊದಲು ಹಗುರವಾದ ಮಸುಕು ತುಣುಕು ತರಿಸಿ, ಚಿತ್ರ ಓಡಲು ತೊಡಗಿದ ಮೇಲೆ ಮೆಲ್ಲಗೆ ದರ್ಜೆ ಏರಿಸುತ್ತಾರೆ. ಬೆರಳಿನಿಂದ ಮೇಲಕ್ಕೆ ಸರಿಸುವ ಚುಟುಕು ವೀಡಿಯೊಗಳಲ್ಲಂತೂ ನಾವು ಒಂದನ್ನು ನೋಡುತ್ತಿರುವಾಗಲೇ ಮುಂದಿನದರ ಆರಂಭದ ತುಣುಕು ಬಂದು ಕುಳಿತಿರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಅನ್ನ ಬಡಿಸುವವರ ಹಿಂದೆಯೇ ಸಾರಿನವರು ನಿಂತಿರುತ್ತಾರಲ್ಲ, ಹಾಗೆ. ಎಲೆ ಖಾಲಿಯಾಗುವ ಮಾತೇ ಇಲ್ಲ. ಉಣ್ಣದೆ ಎದ್ದರೆ ಬಡಿಸಿದ್ದು ವ್ಯರ್ಥ. ಆ ವ್ಯರ್ಥದ ಡೇಟಾ ನಮ್ಮ ಬಿಲ್ಲಿಗೆ ಸೇರುತ್ತದೆ.

ವೈದ್ಯರಾದ ನಮಗೆ ಇದರಲ್ಲಿ ದೇಹದ ನೆರಳು ಕಾಣಿಸಿತು. ಹೃದಯ ರಕ್ತವನ್ನು ಬಿಟ್ಟು ಬಿಟ್ಟು ದೂಡುತ್ತದೆ. ವಿಶ್ರಾಂತಿಯಲ್ಲಿ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡ್, ಅದರಲ್ಲಿ ರಕ್ತ ಹೊರಬೀಳುವುದು ಮೂರರಲ್ಲೊಂದು ಭಾಗ ಮಾತ್ರ. ಉಳಿದ ಹೊತ್ತಿನಲ್ಲಿ ಬೆರಳ ತುದಿಗೆ ರಕ್ತ ನಿಲ್ಲುವುದಿಲ್ಲವೇಕೆ? ಮಹಾಧಮನಿ ರಬ್ಬರಿನಂತೆ ಹಿಗ್ಗಿ ಸ್ವಲ್ಪ ರಕ್ತವನ್ನು ಹಿಡಿದಿಟ್ಟುಕೊಂಡು, ಆಮೇಲೆ ಕುಗ್ಗಿ ಮುಂದಕ್ಕೆ ಕಳುಹಿಸುತ್ತದೆ. 1733ರಲ್ಲೇ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು ಬೆಂಕಿ ನಂದಿಸುವ ಪಂಪಿನ ಗಾಳಿ ಕೋಶಕ್ಕೆ ಹೋಲಿಸಿದ್ದರು. ಬಫರ್ ಎಂದರೆ ಅದೇ. ಕಣ್ಣಿನ ವಿಷಯವೂ ಹೀಗೆಯೇ. ನಮ್ಮ ದೃಷ್ಟಿ ಸೆಕೆಂಡಿಗೆ ಸುಮಾರು ಮೂರು ಸಲ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತದೆ. ಆ ಜಿಗಿತದ ಕಲಸುಮೇಲೋಗರ ನಮಗೆ ಕಾಣದಂತೆ ಮೆದುಳು ಮರೆಮಾಡುತ್ತದೆ. ಒಳ್ಳೆಯ ಬದಲಾವಣೆ ಎಂದರೆ ಗೊತ್ತಾಗದ ಬದಲಾವಣೆ.

ಇನ್ನು ಮನೆಯಲ್ಲಿ ನಾವು ಮಾಡಬಹುದಾದದ್ದೇನು? ನಮ್ಮ ಅನುಭವದ ನಾಲ್ಕು ಮಾತು ಹೇಳುತ್ತೇವೆ.

ಮೊದಲನೆಯದು ರೂಟರ್ ಇಡುವ ಜಾಗ. 1998ರಿಂದೀಚೆಗೆ ಕಟ್ಟಿದ ಎಚ್.ಡಿ.ಬಿ. ಫ್ಲಾಟುಗಳಲ್ಲಿ ಬಾಂಬ್ ಶೆಲ್ಟರ್ ಇರುವುದು ನಿಮಗೆ ಗೊತ್ತೇ ಇದೆ. ನಾವದನ್ನು ಅಕ್ಕಿ ಮೂಟೆ, ಸೂಟ್‌ಕೇಸುಗಳಿಗೆ ಬಳಸುತ್ತೇವೆ. ಅದರ ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲು ವೈಫೈಯನ್ನು ತಡೆಯುತ್ತವೆ. ರೂಟರ್ ಅದರೊಳಗಾಗಲೀ ಅದರ ಮರೆಯಲ್ಲಾಗಲೀ ಇರಬಾರದು. ಎರಡನೆಯದು, ಸಾಧ್ಯವಾದರೆ ಟಿವಿಗೆ ವೈಫೈ ಬದಲು ಕೇಬಲ್ ಎಳೆಯಿರಿ. ಮೂರನೆಯದು ರೋಗನಿದಾನ. ಟಿವಿಯಲ್ಲಿ ತಡವಾಗುವ ವೀಡಿಯೊವನ್ನು ಅದೇ ಜಾಗದಲ್ಲಿ ಫೋನಿನಲ್ಲಿ ಹಾಕಿ ನೋಡಿ. ಅಲ್ಲಿ ಸಲೀಸಾಗಿ ಬಂದರೆ ದೋಷ ಹೆಚ್ಚಾಗಿ ಇಂಟರ್‌ನೆಟ್‌ನದ್ದಲ್ಲ, ಹಳೆಯ ಟಿವಿಯ ಮೆದುಳಿನದು. ಹೆಚ್ಚು ಹಣ ಕೊಟ್ಟು ವೇಗದ ಪ್ಲಾನ್ ತೆಗೆದುಕೊಂಡರೆ ಪ್ರಯೋಜನವಿಲ್ಲ. ಟಿವಿಗೆ ಸಿಕ್ಕಿಸುವ ಒಂದು ಸಣ್ಣ ಹೊಸ ಉಪಕರಣ ಸಾಕು. ನಾಲ್ಕನೆಯದು, ಮನೆಯ ಎಲ್ಲರ ಫೋನುಗಳು ಒಟ್ಟಿಗೆ ಫೋಟೊಗಳನ್ನು ಮೇಲಕ್ಕೆ ಕಳುಹಿಸುವ ಹೊತ್ತಿನಲ್ಲಿ ಊರಿಗೆ ಕರೆ ಮಾಡಬೇಡಿ.

ಸಂಘದ ಕಾರ್ಯಕ್ರಮಗಳನ್ನು ನೇರ ಪ್ರಸಾರ ಮಾಡುವ ಯುವಕರಿಗೂ ಒಂದು ಮಾತು. 2020ರ ಏಪ್ರಿಲ್ 7ರಿಂದ ಜೂನ್ 1ರವರೆಗಿನ ಸರ್ಕ್ಯೂಟ್ ಬ್ರೇಕರ್ ದಿನಗಳಲ್ಲಿ ನಾವು ಕೆಲವು ಮನೆಗಳವರು ಸೇರಿ ಮಕ್ಕಳ ಹಾಡು-ಕುಣಿತವನ್ನು ಆನ್‌ಲೈನ್‌ನಲ್ಲಿ ಇಟ್ಟುಕೊಂಡಿದ್ದೆವು. ಒಂದು ಮನೆಯಿಂದ ಇನ್ನೊಂದು ಮನೆಗೆ ಬದಲಿಸುವಾಗ ಪರದೆ ಕೆಲವು ಸೆಕೆಂಡ್ ಕಪ್ಪಾಯಿತು. ದಾವಣಗೆರೆಯಲ್ಲಿ ಅಮ್ಮ, ಮುಗಿಯಿತೆಂದು ತಿಳಿದು ಫೋನ್ ಮಗುಚಿಟ್ಟು ಮಲಗಿಬಿಟ್ಟರು. ನಮ್ಮ ಮಗಳ ನೃತ್ಯ ಅದರ ಮುಂದಿನದೇ ಆಗಿತ್ತು. "ಅಜ್ಜಿ ನೋಡಿದ್ರಾ?" ಎಂದು ಅವಳು ಕೇಳಿದಾಗ ನಮಗೆ ಉತ್ತರ ಬರಲಿಲ್ಲ. ಹಾಗಾಗಿ ಹೇಳುತ್ತೇವೆ: ಹೊಸ ಚಿತ್ರ ಸಿದ್ಧವಾಗುವ ತನಕ ಹಳೆಯದನ್ನು ತೆಗೆಯಬೇಡಿ, ಕಪ್ಪು ಪರದೆ ತೋರಿಸಬೇಡಿ, ದನಿ ನಿಲ್ಲದಂತೆ ನೋಡಿಕೊಳ್ಳಿ. ಎಲ್ಲೋ ಕುಳಿತ ಒಬ್ಬ ಅಜ್ಜಿಗೆ ಆ ಕೆಲವು ಸೆಕೆಂಡುಗಳೇ ಎಲ್ಲವೂ ಆಗಬಹುದು.

ಇಲ್ಲಿಯವರೆಗೆ ವೇಗದ ಪರವಾಗಿ ವಾದಿಸಿದೆವು. ಈಗ ಇನ್ನೊಂದು ಕಡೆ ನೋಡೋಣ.

2012ರಲ್ಲಿ ಕೃಷ್ಣನ್ ಮತ್ತು ರಮೇಶ್ ಸೀತಾರಾಮನ್ ಎಂಬ ಸಂಶೋಧಕರು 2 ಕೋಟಿ 30 ಲಕ್ಷ ವೀಕ್ಷಣೆಗಳನ್ನು ಅಧ್ಯಯನ ಮಾಡಿದರು. ವೀಡಿಯೊ ಶುರುವಾಗಲು ಎರಡು ಸೆಕೆಂಡ್ ದಾಟಿತೆಂದರೆ ಜನ ಬಿಟ್ಟು ಹೋಗತೊಡಗುತ್ತಾರೆ. ಆಮೇಲಿನ ಪ್ರತಿ ಸೆಕೆಂಡಿಗೆ ಶೇಕಡಾ 5.8ರಷ್ಟು ಹೆಚ್ಚುತ್ತಾ ಹೋಗುತ್ತದೆ. ನಮ್ಮ ತಾಳ್ಮೆಯ ಅಳತೆ ಎರಡು ಸೆಕೆಂಡು! ಹಾಗಾದರೆ ಬದಲಾವಣೆ ವೇಗವಾದಷ್ಟೂ ನಮಗೆ ಸಂತೋಷ ಹೆಚ್ಚಬೇಕಲ್ಲವೇ? ಟೊರಾಂಟೊ ವಿಶ್ವವಿದ್ಯಾಲಯದ ಕೇಟಿ ಟ್ಯಾಮ್ ಮತ್ತು ಮೈಕೆಲ್ ಇನ್ಜ್ಲಿಕ್ಟ್ 2024ರಲ್ಲಿ ಇದನ್ನೇ ಪರೀಕ್ಷಿಸಿದರು. ಬೇಸರ ಕಳೆಯಲೆಂದು ಒಂದು ವೀಡಿಯೊದಿಂದ ಇನ್ನೊಂದಕ್ಕೆ ಜಿಗಿದವರಿಗೆ, ಒಂದನ್ನೇ ಕುಳಿತು ನೋಡಿದವರಿಗಿಂತ ಹೆಚ್ಚು ಬೇಸರವಾಯಿತು. ಜಿಗಿದರೆ ಬೇಸರ ಕಡಿಮೆಯಾಗುತ್ತದೆಂದು ಜನ ನಂಬಿದ್ದರು. ಆದದ್ದು ತಿರುಗು ಮುರುಗು. ಉಪ್ಪು ನೀರು ಕುಡಿದು ಬಾಯಾರಿಕೆ ಹೆಚ್ಚಿಸಿಕೊಂಡಂತೆ.

ಇದು ನಮ್ಮದೇ ಅನುಭವವೂ ಹೌದು. ರೆಸಿಡೆನ್ಸಿಯ ದಿನಗಳಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದು ನಿದ್ದೆ ಬಾರದೆ ಫೋನಿನಲ್ಲಿ ಬೆರಳಾಡಿಸುತ್ತಾ ಮಲಗುವ ಚಟ ನಮಗಿತ್ತು. ಕ್ರಮೇಣ ರೋಗಿಗಳು ಮಾತಿನ ನಡುವೆ ನಿಂತರೆ ಬೆರಳು ತುರಿಸುತ್ತಿತ್ತು. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬುವರು, ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿನಲ್ಲಿ ವೈದ್ಯರು ತಡೆಯುತ್ತಾರೆ ಎಂದು ತೋರಿಸಿದರು. ಸ್ಮಾರ್ಟ್‌ಫೋನ್ ಬರುವುದಕ್ಕೆ ಮೊದಲೇ ನಮ್ಮ ವೃತ್ತಿಗೆ ಈ ಕಾಯಿಲೆ ಇತ್ತೆಂದಾಯಿತು. ಆದರೆ ಹಲವು ಸಲ ನಿಜವಾದ ಸಂಗತಿ ಹೊರಬರುವುದು ಆ ಮೌನದ ನಂತರವೇ. "ಇನ್ನೊಂದು ವಿಷಯ ಡಾಕ್ಟರೇ..." ಎಂದು ರೋಗಿ ಹೇಳುವುದಕ್ಕೆ ನಾವು ಸುಮ್ಮನಿರಬೇಕು.

ಮಕ್ಕಳ ಭಾಷೆಯ ವಿಷಯದಲ್ಲಂತೂ ಇದು ನಮ್ಮಂಥ ಹೊರನಾಡ ಕುಟುಂಬಗಳ ಅಳಿವು ಉಳಿವಿನ ಪ್ರಶ್ನೆ. 2003ರಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕುಳಿತು ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಮಾತನ್ನು ವೀಡಿಯೊದಲ್ಲಿ ತೋರಿಸಿದಾಗ ಕಲಿಯಲಿಲ್ಲ. ಆದರೆ 2014ರ ಇನ್ನೊಂದು ಅಧ್ಯಯನದಲ್ಲಿ, ಎರಡು ವರ್ಷದ ಮಕ್ಕಳು ವೀಡಿಯೊ ಕರೆಯಲ್ಲಿ ತಮ್ಮೊಂದಿಗೇ ಮಾತಾಡುವವರಿಂದ ಹೊಸ ಪದ ಕಲಿತರು. ಮೊದಲೇ ಮುದ್ರಿಸಿಟ್ಟ ವೀಡಿಯೊದಿಂದ ಕಲಿಯಲಿಲ್ಲ. ಮಗು ನಕ್ಕಾಗ ನಗುವವರು, ಕೇಳಿದಾಗ ಉತ್ತರಿಸುವವರು ಬೇಕು. ಸಿಂಗಪುರ ಸರ್ಕಾರ 2025ರ ಜನವರಿಯಲ್ಲಿ ಆರಂಭಿಸಿದ ಗ್ರೋ ವೆಲ್ ಎಸ್‌ಜಿ ಯೋಜನೆಯ ಸಲಹೆಯಂತೆ 18 ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡ, ಮುಖಾಮುಖಿ ವೀಡಿಯೊ ಕರೆಯನ್ನು ಬಿಟ್ಟು. ಅಲ್ಲಿಂದ ಆರು ವರ್ಷದವರೆಗೆ ಶಾಲೆಯ ಹೊರಗೆ ದಿನಕ್ಕೆ ಒಂದು ಗಂಟೆಯೊಳಗೆ. ಏಳರಿಂದ ಹನ್ನೆರಡರವರೆಗೆ ಎರಡು ಗಂಟೆಯೊಳಗೆ. ಅಜ್ಜಿಗೆ ಮಾತ್ರ ರಿಯಾಯಿತಿ ಇರುವುದನ್ನು ಗಮನಿಸಬೇಕು!

ಹೀಗಾಗಿ ನಮ್ಮ ಮನೆಯಲ್ಲಿ ಎರಡು ನಿಯಮ ಮಾಡಿಕೊಂಡೆವು. ಊರಿನ ಕರೆಗೆ ಎಲ್ಲ ವೇಗವೂ ಇರಲಿ. ರೂಟರ್ ಜಾಗ ಬದಲಿಸಿದೆವು, ಕೇಬಲ್ ಎಳೆದೆವು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೆಕೆಂಡಿನ ಏಳನೆಯ ಒಂದು ಭಾಗದೊಳಗೆ ತಲುಪಿದರೆ ಸಂಭಾಷಣೆ ಸಹಜವೆನಿಸುತ್ತದೆ. ಅದಕ್ಕಿಂತ ತುಂಬ ತಡವಾದರೆ ಅಜ್ಜಿ ಮೊಮ್ಮಗ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಾರೆ. ವೀಡಿಯೊದಿಂದ ವೀಡಿಯೊಗೆ ಜಿಗಿಯುವುದಕ್ಕೆ ಮಾತ್ರ ಬೇಕೆಂದೇ ಅಡ್ಡಿ ಇಟ್ಟೆವು. ತಾನಾಗಿ ಮುಂದಿನದು ಶುರುವಾಗುವ ಆಟೊಪ್ಲೇ ಬಂದ್ ಮಾಡಿದೆವು. ಮಗ ಒಂದನ್ನು ಆರಿಸಬೇಕು, ಪೂರ್ತಿ ನೋಡಬೇಕು, ಭಾನುವಾರ ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳಬೇಕು. ಮೊದಲು ರಂಪ ಮಾಡಿದ. ಈಗ ಅಜ್ಜಿಯೇ, "ಮುಂದೇನಾತೋ?" ಎಂದು ಕಾಡುತ್ತಾರೆ.

ಮೊನ್ನೆ ಒಂದು ಭಾನುವಾರ ಅಮ್ಮ ಮತ್ತೆ ಕಥೆಯ ನಡುವೆ ನಿಂತರು. ಚಿತ್ರ ಸ್ಪಷ್ಟವಾಗಿತ್ತು, ದನಿ ಸ್ಪಷ್ಟವಾಗಿತ್ತು, ಫ್ಯಾನಿನ ಸದ್ದೂ ಕೇಳುತ್ತಿತ್ತು. ಮಗ ನಮ್ಮ ಮುಖ ನೋಡಿದ. ನಾವು ತುಟಿಯ ಮೇಲೆ ಬೆರಳಿಟ್ಟೆವು. ಇಪ್ಪತ್ತು ಸೆಕೆಂಡಾದರೂ ಕಳೆದಿರಬೇಕು. ಆಮೇಲೆ ಅಮ್ಮ ರಾಜನ ಕಥೆ ಬಿಟ್ಟು ನಿಮ್ಮ ಅಜ್ಜನ ಕಥೆ ಹೇಳುತ್ತೇನೆ ಎಂದರು. ನಮ್ಮ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದವರು. ಗಿರಣಿ ಮುಚ್ಚಿದ ಮೇಲೂ ಒಂದು ತಿಂಗಳು ಅವರು ಅದೇ ಹೊತ್ತಿಗೆ ಬುತ್ತಿ ಹಿಡಿದು ಮನೆಯಿಂದ ಹೊರಡುತ್ತಿದ್ದರಂತೆ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿದ್ದು ಸಂಜೆ ಬರುತ್ತಿದ್ದರಂತೆ. ಮಕ್ಕಳಿಗೆ ಗೊತ್ತಾಗಿ ಓದಿನ ಮೇಲಿನ ಗಮನ ತಪ್ಪಬಾರದೆಂದು. ಆ ಮಕ್ಕಳು ಬೇರೆ ಯಾರೂ ಅಲ್ಲ, ನಾವೇ. ಆ ಬುತ್ತಿಯ ಬಲದಿಂದ ಎಂಬಿಬಿಎಸ್ ಓದಿದ ನಮಗೆ ಇಷ್ಟು ವರ್ಷ ಅದು ತಿಳಿದಿರಲಿಲ್ಲ.

ಆ ಇಪ್ಪತ್ತು ಸೆಕೆಂಡಿನಲ್ಲಿ ಯಾರಾದರೂ ಮಾತು ಬದಲಿಸಿದ್ದರೆ ಈ ಕಥೆ ನಮಗೆ ಸಿಗುತ್ತಿರಲಿಲ್ಲ.

ಎಂಜಿನಿಯರುಗಳು ತಮ್ಮ ಕೆಲಸ ಮಾಡಲಿ, ಪರದೆಯ ಮೇಲಿನ ಚಕ್ರ ಮಾಯವಾಗಲಿ. ಅವರಿಗೆ ನಾವು ಋಣಿಗಳು. ಸಮುದ್ರ ದಾಟಿ ನಮ್ಮ ಹಿರಿಯರ ಮುಖವನ್ನು ಮನೆಯೊಳಗೆ ತಂದುಕೊಟ್ಟಿದ್ದಾರೆ. ಆ ಮುಖದ ಮುಂದೆ ಕಾಯುವ ಕೆಲಸವನ್ನು ಮಾತ್ರ ನಾವೇ ಮಾಡಬೇಕು. ಊಟವಾದ ಮೇಲೆ ಮನೆಗೆ ಹೋಗಿ ಒಮ್ಮೆ ಊರಿಗೆ ಕರೆ ಮಾಡಿ. ಆ ಕಡೆ ಮಾತು ನಿಂತಾಗ ಸ್ವಲ್ಪ ಕಾಯಿರಿ ಎಂಬ ಕೋರಿಕೆಯೊಂದಿಗೆ ನಮ್ಮ ಮಾತನ್ನು ಮುಗಿಸುತ್ತೇವೆ.